ಕಣ್ಣು ಮುಚ್ಚಿದರೆ ಹೂಂ

ಮಾರ್ಚ್ ೧೪, ಶನಿವಾರ, ಮಧ್ಯಾಹ್ನ

ಆಯಾ ಒಳಗೆ ಅಪ್ಪನ ಮೈ ಒರೆಸುತ್ತಿದ್ದಾಳೆ. ನಾನು ಅಡುಗೆಮನೆಯ ಬಾಗಿಲು ಹಾಕಿಕೊಂಡು ಬರೆಯುತ್ತಿದ್ದೇನೆ. ಪಕ್ಕದ ಮನೆಯ ಕಂಡಕ್ಟರ್ ನಿನ್ನೂರಿನ ಸಂಜೆಯ ಬಸ್ಸಿಗೆ ಹೋಗುತ್ತಾನೆ, ಅವನ ಕೈಯಲ್ಲಿ ಕಳಿಸುತ್ತೇನೆ.

ಪ್ರೀತಿಯ ಮೇಸ್ತ್ರಿ,

ನಿನ್ನ ಅಪ್ಪ ಇಟ್ಟ ಅಡ್ಡಹೆಸರಿನಿಂದಲೇ ಶುರು ಮಾಡಿದ್ದೇನೆ ಮಗಳೇ, ಮುಖ ಊದಿಸಿಕೊಳ್ಳಬೇಡ. ಫೋನಿನಲ್ಲಿ ಹೇಳಬಹುದಿತ್ತಲ್ಲ ಎನ್ನುತ್ತೀಯ. ಫೋನಿನಲ್ಲಿ ನೀನು ಅಳುತ್ತೀಯ, ನಾನು ಊಟ ಆಯಿತಾ ಎಂದು ಮಾತು ತಿರುಗಿಸುತ್ತೇನೆ. ಕಾಗದದಲ್ಲಿ ಹಾಗೆ ತಪ್ಪಿಸಿಕೊಳ್ಳಲು ಆಗುವುದಿಲ್ಲ.

ಮೊದಲು ಕಂಪ್ಯೂಟರಿನ ವಿಷಯ. ಪರದೆಗೆ ವೇಗ ಕೊಡುವ ಹೊಸ ಗ್ರಾಫಿಕ್ಸ್ ಕಾರ್ಡ್ ಸುಟ್ಟುಹೋಯಿತು ಎಂದು ಗುರುವಾರ ನಿನಗೆ ಹೇಳಿದೆನಲ್ಲ, ಅದು ಸುಳ್ಳು. ಕಾರ್ಡ್ ಚೆನ್ನಾಗಿದೆ. ಸುಳ್ಳು ಯಾಕೆ ಬೇಕಾಯಿತು ಎನ್ನುವುದಕ್ಕೇ ಈ ಪತ್ರ.

ಕೈಕಾಲು, ಮಾತು ಎರಡೂ ನಿಂತ ಅಪ್ಪನಿಗೆ ಆಸ್ಪತ್ರೆಯ ಮಾತಿನ ಚಿಕಿತ್ಸೆಯ ಮೇಡಂ ಕಣ್ಣು ಹಿಂಬಾಲಿಸುವ ಕ್ಯಾಮೆರಾ ಕೊಟ್ಟುಹೋಗಿದ್ದು ನಿನಗೆ ಗೊತ್ತು. ಪರದೆಯ ಮೇಲಿನ ಅಕ್ಷರವನ್ನು ಸುಮ್ಮನೆ ದಿಟ್ಟಿಸಿದರೆ ಸಾಕು, ಅದು ತಾನಾಗಿ ಸಾಲಿನಲ್ಲಿ ಮೂಡಿಬಿಡುತ್ತದೆ. ಆದರೆ ನಿನ್ನ ಕಾಲೇಜಿನ ಕಾಲದ ಆ ಕಂಪ್ಯೂಟರ್ ಪೆಟ್ಟಿಗೆಗೆ ಅಷ್ಟು ವೇಗ ಎಲ್ಲಿಂದ ಬರಬೇಕು? ಅವರು ಒಂದು ಅಕ್ಷರ ನೋಡಿ ಮುಂದಿನದಕ್ಕೆ ಹೋದ ಎಷ್ಟೋ ಹೊತ್ತಿನ ಮೇಲೆ ಪರದೆಯ ಬಾಣ ತೆವಳಿಕೊಂಡು ಬರುತ್ತಿತ್ತು. ಪೆಟ್ಟಿಗೆಯನ್ನು ಆಟೋದಲ್ಲಿ ತೊಡೆಯ ಮೇಲಿಟ್ಟುಕೊಂಡು ಕಂಪ್ಯೂಟರ್ ಅಂಗಡಿಗೆ ಹೋದೆ. ಅಂಗಡಿಯವನು ಮುಚ್ಚಳ ತೆಗೆದು ಧೂಳು ಊದಿ, ಅಮ್ಮಾ, ಇದಕ್ಕೆ ಕಾರ್ಡ್ ಹಾಕೋದೂ ಒಂದೇ, ಅಜ್ಜನಿಗೆ ಹೊಸ ಹಲ್ಲು ಕಟ್ಟಿಸೋದೂ ಒಂದೇ ಅಂದ. ಅಜ್ಜನಿಗೆ ಅಗಿಯೋಕೆ ಬೇಡಪ್ಪ, ಮಾತಾಡೋಕೆ ಬೇಕು ಅಂದೆ. ಅವನ ನಗು ನಿಂತಿತು. ನಮ್ಮ ಪೆಟ್ಟಿಗೆ ಸಣಕಲು, ದೊಡ್ಡ ಕಾರ್ಡು ಒಳಗೆ ಹಿಡಿಯುವುದಿಲ್ಲ; ಒಳಗಿನ ವಿದ್ಯುತ್ ಡಬ್ಬಿಯೂ ಬಡಕಲು. ಬೇರೆ ವೈರು ಕೇಳದ, ಅರ್ಧ ಎತ್ತರದ, ಅಗ್ಗದ ಒಂದನ್ನು ಹುಡುಕಿ ಕೊಟ್ಟ.

ಹಾಕಿದ್ದು ನಾನೇ, ಬುಧವಾರ, ಅಪ್ಪನ ಮಂಚದ ಪಕ್ಕದಲ್ಲಿ, ಅವರಿಗೆ ಕಾಣುವ ಹಾಗೆ. ಮೂವತ್ತು ವರ್ಷ ಲಿಫ್ಟ್ ರಿಪೇರಿ ಮಾಡಿದವರ ಕಣ್ಣೆದುರು ಸ್ಕ್ರೂ ತಿರುಗಿಸುವುದು ಎಂಥ ಶಿಕ್ಷೆ, ಹೇಳು! ನನ್ನ ಕೈ ತಪ್ಪು ಕಡೆ ಹೋದಾಗಲೆಲ್ಲ ಅವರ ಹುಬ್ಬಿನ ಹತ್ತಿರ ಏನೋ ಅಲುಗುತ್ತಿತ್ತು. ಎಲ್ಲ ಮುಗಿಸಿ ಗುಂಡಿ ಒತ್ತಿದರೆ ಪರದೆ ಕಪ್ಪಗೇ ಇತ್ತು. ನಾನು ನೆಲದ ಮೇಲೆ ಕೂತುಬಿಟ್ಟೆ. ಆಮೇಲೆ ಅವರ ಮುಖ ನೋಡಿ, ನೀನು ಬರೆದುಕೊಟ್ಟ ಅಕ್ಷರದ ಹಲಗೆ ತಂದು ಬೆರಳಾಡಿಸಿದೆ. ಬೇಕಾದ ಅಕ್ಷರ ಬಂದಾಗ ಕಣ್ಣು ಮುಚ್ಚುತ್ತಾರಲ್ಲ, ಹಾಗೆ ‘ಹಿಂದೆ’ ಎಂದು ಹೇಳಿದರು. ಪೆಟ್ಟಿಗೆಯ ಹಿಂದೆ ನೋಡಿದರೆ, ಪರದೆಯ ಕೇಬಲ್ಲನ್ನು ನಾನು ಹಳೆಯ ಕಿಂಡಿಗೇ ಸಿಕ್ಕಿಸಿದ್ದೆ. ಹೊಸ ಕಾರ್ಡ್ ಹಾಕಿದ ಮೇಲೆ ಹಳೆಯ ಕಿಂಡಿ ಸತ್ತ ಹಾಗೆಯೇ ಅಂತೆ. ಕೇಬಲ್ ಬದಲಿಸಿದೆ, ಬೆಳಕು ಬಂತು.

ಅವರು ಬರೆದ ಮೊದಲ ಮಾತು ಕೇಳು. ಕ್ಯಾಲೆಂಡರ್ ಓರೆ ನೇತಾಡ್ತಿದೆ, ಎಷ್ಟು ತಿಂಗಳಿಂದ ನೋಡಲಿ, ಸರಿ ಮಾಡೇ. ನಾನು ನಕ್ಕೆ, ಆಮೇಲೆ ಗೋಡೆಯ ಕಡೆ ತಿರುಗಿಕೊಂಡು ಕ್ಯಾಲೆಂಡರ್ ಸರಿ ಮಾಡಿದೆ. ಅದಕ್ಕೆ ಮೊದಲು, ಹಲಗೆಯ ಮೇಲೆ ಅವರು ಎರಡು ಅಕ್ಷರ ಹೇಳುವಷ್ಟರಲ್ಲಿ ಉಳಿದದ್ದನ್ನು ನಾನೇ ಊಹಿಸಿ ಮುಗಿಸುತ್ತಿದ್ದೆ. ನೀರಾ? ಹೊದಿಕೆಯಾ? ಅವರು ಕಣ್ಣು ಮುಚ್ಚುತ್ತಿದ್ದರು. ಅಷ್ಟೂ ದಿನ ನಾನು ಕೇಳಿಸಿಕೊಂಡದ್ದರಲ್ಲಿ ಅವರದೆಷ್ಟು, ನನ್ನದೆಷ್ಟು, ಈಗ ಹೇಳಲಾರೆ.

ಗುರುವಾರ ಬೆಳಿಗ್ಗೆ ಅವರು ಬರೆದರು: ಮಂಗಳವಾರದ್ದು ಬೇಡ.

ಬರುವ ಮಂಗಳವಾರ ಎಂದರೆ ಗಂಟಲಿಗೆ ತೂತು ಮಾಡಿ ಉಸಿರಿನ ಮಿಷನ್ ಹಾಕುವ ದಿನ. ಒಮ್ಮೆ ಹಾಕಿದರೆ ತೆಗೆಯುವ ಮಾತು ಬಹಳ ಕಷ್ಟ, ಯೋಚಿಸಿ ಎಂದು ಡಾಕ್ಟರು ಹೇಳಿದ್ದರು. ನಾವು ಯೋಚಿಸಿದ್ದು ಹೇಗೆ, ನೆನಪಿದೆಯಾ? ನೀನು ಮಂಚದ ಪಕ್ಕ ಮಂಡಿಯೂರಿ, ಹಾಕಿಸ್ಕೋ ಅಪ್ಪಾ, ನಮಗೋಸ್ಕರ, ಅಂತ ಅವರ ಕೈ ಹಿಡಿದೆ. ಅವರು ಕಣ್ಣು ಮುಚ್ಚಿದರು. ಹೂಂ ಅಂದ್ರು ಅಂತ ನಾನೇ ಕೂಗಿ ಹೇಳಿದೆ. ಪಕ್ಕದಲ್ಲಿದ್ದ ಡಾಕ್ಟರು ಬರೆದುಕೊಂಡರು.

ನೀವೇ ಒಪ್ಪಿದ್ರಲ್ಲ ಅಂತ ಗುರುವಾರ ಅವರ ಮೇಲೆ ರೇಗಿದೆ. ಅವರು ನಿಧಾನವಾಗಿ, ನಡುನಡುವೆ ಸುಧಾರಿಸಿಕೊಂಡು ಬರೆದದ್ದನ್ನು ಹಾಗೆಯೇ ಇಳಿಸುತ್ತೇನೆ.

ನಾನು ಹೂಂ ಅನ್ನಲಿಲ್ಲ. ಮೇಸ್ತ್ರಿ ಅಳ್ತಿದ್ಲು. ನೋಡೋಕಾಗಲಿಲ್ಲ. ಮುಖ ತಿರುಗಿಸೋಕೂ ಆಗಲ್ಲ. ಕಣ್ಣು ಮುಚ್ಚಿದೆ.

ಇಷ್ಟೇ. ನಾವು ಅವರಿಗೆ ಉಳಿಸಿದ್ದು ಕಣ್ಣೊಂದೇ. ಹೂಂ ಎನ್ನುವುದಕ್ಕೂ ಅದೇ, ನೋಡಲಾರೆ ಎನ್ನುವುದಕ್ಕೂ ಅದೇ.

ನಾನು ಬಿಡಲಿಲ್ಲ. ಮಿಷನ್ ಇಲ್ಲದೆ ಉಸಿರು ನಿಂತರೆ ನಾನೇನು ಮಾಡಲಿ, ಎದುರು ಕೂತು ನೋಡ್ತಾ ಇರಲಾ ಎಂದು ಕೇಳಿದೆ. ಬಾಯಿಗೆ ಬಂದದ್ದೆಲ್ಲ ಆಡಿದೆ. ಅವರು ಪರದೆಯ ಮೇಲೆ ಬರೆದರು: ಲಿಫ್ಟ್ ನಡುವೆ ಕೆಟ್ಟು ನಿಂತಾಗ ಒಳಗಿದ್ದವರು ಫ್ಯಾನ್ ಹಾಕಿ ಅನ್ನಲ್ಲ. ಬಾಗಿಲು ತೆಗೀರಿ ಅಂತಾರೆ.

ಆಮೇಲೆ ಅವರು ಏನನ್ನೂ ಬರೆಯಲಿಲ್ಲ. ಸಂಜೆ ನೀನು ಫೋನ್ ಮಾಡಿ, ಅಪ್ಪ ಏನಾದರೂ ಬರೆದರಾ ಎಂದು ಕೇಳಿದೆ. ಕಾರ್ಡ್ ಸುಟ್ಟಿದೆ ಅಂದೆ.

ನಿನ್ನ ಮೇಲೆ ಹೊರೆ ಹಾಕಲು ಇದನ್ನು ಬರೆಯುತ್ತಿಲ್ಲ. ಮಿಷನ್ ನಿನಗಿಂತ ಹೆಚ್ಚಾಗಿ ನನಗೆ ಬೇಕಿತ್ತು. ನೀನು ಬಂದು ಹೋಗುವವಳು. ನನಗೆ ಬೆಳಿಗ್ಗೆ ಎದ್ದ ಕೂಡಲೇ ಆ ಕೋಣೆಯಲ್ಲಿ ಯಾರಾದರೂ ಇರಬೇಕು, ಬೈಯಲಿಕ್ಕಾದರೂ. ಟೈಲರ್ ಅಂಗಡಿಯಲ್ಲಿ ಬಟ್ಟೆ ಹೊಲಿಯುತ್ತಿರುವಾಗ, ಮನೆಗೆ ಹೋದರೆ ಅವರಿದ್ದಾರೆ ಎಂದುಕೊಂಡರೆ ಕೈ ತಾನಾಗಿ ಓಡುತ್ತದೆ. ಈ ಸ್ವಾರ್ಥಕ್ಕೆ ಅವರ ಗಂಟಲು ಕೊಯ್ಯಿಸಬಹುದೇ ಎಂದು ಎರಡು ದಿನ ನನ್ನನ್ನೇ ಕೇಳಿಕೊಂಡೆ. ಕೊಯ್ಯಿಸಬಹುದು ಎಂದು ಒಮ್ಮೊಮ್ಮೆ ಅನ್ನಿಸಿತು, ಅದನ್ನೂ ಬರೆದುಬಿಡುತ್ತೇನೆ.

ಈಗ ತೀರ್ಮಾನ ಮಾಡಿದ್ದೇನೆ. ನಾಳೆ ನೀನು ಬಂದ ಮೇಲೆ, ಮೂವರೂ ಆ ಕೋಣೆಯಲ್ಲಿರುವಾಗ, ಅವರು ತಾವೇ ಇನ್ನೊಮ್ಮೆ ಹೇಳಲಿ. ಬೇಡ ಎಂದರೆ ಸೋಮವಾರ ಬೆಳಿಗ್ಗೆ ಡಾಕ್ಟರಿಗೆ ನಾನೇ ಫೋನ್ ಮಾಡಿ ಮಂಗಳವಾರದ್ದನ್ನು ನಿಲ್ಲಿಸುತ್ತೇನೆ. ಉಸಿರು ಕಟ್ಟಿದಾಗ ನೋವಾಗದಂತೆ ಏನು ಮಾಡಬಹುದು ಎಂದೂ ಕೇಳುತ್ತೇನೆ. ನಿನ್ನಲ್ಲಿ ಒಂದೇ ಬೇಡಿಕೆ. ಅಳುವುದಿದ್ದರೆ ದಾರಿಯಲ್ಲೇ ಅತ್ತು ಮುಗಿಸಿ ಬಾ. ಅವರ ಮುಂದೆ ಅಳಬೇಡ. ಅತ್ತರೆ ಅವರು ಮತ್ತೆ ಕಣ್ಣು ಮುಚ್ಚುತ್ತಾರೆ, ನಾನು ಮತ್ತೆ ಹೂಂ ಅಂದರು ಎನ್ನುತ್ತೇನೆ. ನನ್ನನ್ನು ನಂಬಬೇಡ.

ಆಯಾ ಕರೆಯುತ್ತಿದ್ದಾಳೆ, ಮಗ್ಗುಲು ತಿರುಗಿಸಬೇಕು.

ನಿನ್ನ,
ಅಮ್ಮ

ಮತ್ತೆ: ಪತ್ರ ಮಡಿಸಿ ಲಕೋಟೆಗೆ ಹಾಕಿದವಳು ಹೊರಗೆ ತೆಗೆದೆ. ಅವರು ಆಮೇಲೆ ಏನನ್ನೂ ಬರೆಯಲಿಲ್ಲ ಎಂದೆನಲ್ಲ, ಬರೆಯಲು ನಾನು ಬಿಡಲಿಲ್ಲ. ಗುರುವಾರ ಆ ಲಿಫ್ಟಿನ ಮಾತು ಓದಿದ ಕೂಡಲೇ ಎದ್ದುಹೋಗಿ, ಪೆಟ್ಟಿಗೆಯ ಹಿಂದೆ ಕೈ ಹಾಕಿ, ಕೇಬಲ್ ಕಿತ್ತು ಹಳೆಯ ಕಿಂಡಿಗೆ ಸಿಕ್ಕಿಸಿದೆ. ಕಾರ್ಡ್ ಸುಟ್ಟಿತು ಕಣ್ರೀ ಅಂತ ಅವರಿಗೂ ಹೇಳಿದೆ. ಅವರು ಲಿಫ್ಟ್ ಮೆಕ್ಯಾನಿಕ್. ಎರಡು ದಿನದಿಂದ ಪರದೆಯ ಕಡೆ ನೋಡುತ್ತಲೇ ಇಲ್ಲ, ಪೆಟ್ಟಿಗೆಯ ಹಿಂಬದಿಯನ್ನೇ ನೋಡುತ್ತಿದ್ದಾರೆ. ಕೇಬಲ್ ಇನ್ನೂ ಅಲ್ಲೇ ಇದೆ. ನಾಳೆ ನೀನು ಬರುವುದರೊಳಗೆ ಬದಲಿಸುತ್ತೇನೆ.