ಮೇಜಿನ ನಾಲ್ಕನೆಯ ಕಾಲು

ಮಂಗಳವಾರ, ಮಾರ್ಚ್ ೧೧

ಪ್ರೀತಿಯ ಚೂಟಿಗೆ ಅಕ್ಕನ ಆಶೀರ್ವಾದಗಳು.

ಸಮಸ್ತ ಬಂಧುಮಿತ್ರರಿಗೂ, ವಿಶೇಷವಾಗಿ ನಿನಗೂ, ಈ ಮೂಲಕ ತಿಳಿಯಪಡಿಸುವುದೇನೆಂದರೆ: ಕಳೆದ ಭಾನುವಾರ ಬೆಳಿಗ್ಗೆ ಒಂಬತ್ತೂಕಾಲು ಗಂಟೆಗೆ, ಕರಕುಶಲ ಸಂತೆಯ ಮೂವತ್ತೊಂದನೆಯ ಮಳಿಗೆಯಲ್ಲಿ, ನಮ್ಮ ಮಡಚುವ ಮೇಜು ಯಾರ ನೆರವೂ ಇಲ್ಲದೆ ತನ್ನ ನಾಲ್ಕೂ ಕಾಲುಗಳ ಮೇಲೆ ನಿಂತಿತು. ಅಲುಗಾಡಲಿಲ್ಲ. ನಿನ್ನ ಭಾವ ಚಪ್ಪಾಳೆ ತಟ್ಟಿದರು. ಪಕ್ಕದ ಮಳಿಗೆಯ ಸಾಬೂನಿನವಳು ಕೆಲಸ ಬಿಟ್ಟು ನೋಡಲು ಬಂದಳು. ಒಬ್ಬ ಬಡಗಿ, ಎರಡು ಮೊಳೆ, ಹತ್ತು ನಿಮಿಷ, ಇಷ್ಟೇ ಬೇಕಾಗಿದ್ದದ್ದು. ನಾವಿಬ್ಬರು ಆರು ವರ್ಷ ಆ ನಾಲ್ಕನೆಯ ಕಾಲಿಗೆ ಏನೇನು ಉಪಚಾರ ಮಾಡಿದೆವು, ನೆನಪಿದೆಯಾ? ಮಡಚಿದ ರಟ್ಟು, ಭಾವನ ಹಳೇ ಚಪ್ಪಲಿ, ಯಾವುದೂ ನಾಟದೆ ಕೊನೆಗೆ ನಿನ್ನ ಎಡ ಮೊಣಕಾಲು. ನೀನು ಮೊಣಕಾಲು ಆನಿಸಿ ಕೂತರೆ ಮಾತ್ರ ಆ ಮೇಜು ಮರ್ಯಾದಸ್ಥರ ಹಾಗೆ ಇರುತ್ತಿತ್ತು.

ಪತ್ರ ಸ್ವಲ್ಪ ತಡವಾಯಿತು, ಕ್ಷಮಿಸು. ಸ್ವಲ್ಪ ಅಂದರೆ ಒಂದು ವರ್ಷ ಎಂಟು ತಿಂಗಳು. ಕೆಲಸ ಹೆಚ್ಚಿತ್ತು ಎಂದು ಬರೆಯೋಣ ಅಂದುಕೊಂಡೆ. ನೀನು ನಂಬುವುದಿಲ್ಲ, ನನಗೂ ಅಷ್ಟಾಗಿ ನಂಬಿಕೆ ಇಲ್ಲ. ಆರೋಗ್ಯವಾಗಿದ್ದೀಯಾ? ನೀನೀಗ ಕೆಲಸಕ್ಕಿರುವ ಕನ್ನಡಕದ ಅಂಗಡಿಯಲ್ಲಿ ಸಡಿಲಾದ ಕಡ್ಡಿ ಬಿಗಿ ಮಾಡುವುದರಲ್ಲಿ ನಿನ್ನನ್ನು ಮೀರಿಸುವವರಿಲ್ಲವಂತೆ. ಅಮ್ಮ ಹೇಳಿದರು. ಹೇಳುವಾಗ ನನ್ನ ಮುಖವನ್ನೇ ನೋಡುತ್ತಿದ್ದರು.

ಇನ್ನು ವ್ಯಾಪಾರದ ವಿಷಯ. ನೀನು ಹೋದ ಮೇಲೆ ನಮ್ಮ ಮಣ್ಣಿನ ಕಪ್ಪಿನ ಮೈಯೂ ನನ್ನದೇ, ಹಿಡಿಯೂ ನನ್ನದೇ. ಮೈ ಎಂದಿನಂತೆ ಚಕ್ರದ ಮೇಲೆ ಸೊಗಸಾಗಿ ಏಳುತ್ತದೆ. ಹಿಡಿಗಳಿಗೆ ಮಾತ್ರ ಸ್ವತಂತ್ರ ಮನೋಭಾವ. ಒಂದು ಅಂಟಿಸಿದ ಸಂಜೆಯೇ ಬಿರುಕು ಬಿಡುತ್ತದೆ. ಇನ್ನೊಂದು ಭಟ್ಟಿಯವರೆಗೂ ವಿನಯದಿಂದ ಬಂದು, ಒಳಗೆ ಹೋದಮೇಲೆ ಕಪ್ಪನ್ನು ಬಿಟ್ಟು ಮೂಲೆಯಲ್ಲಿ ಧ್ಯಾನಕ್ಕೆ ಕೂರುತ್ತದೆ. ನೋಡಿ ನೋಡಿ ಸಾಕಾಗಿ ಭಾವ ಒಂದು ಫಲಕ ಬರೆದರು: 'ಹಿಡಿರಹಿತ ಕಪ್, ನೂತನ ಶೈಲಿ.' ಒಬ್ಬ ಅಜ್ಜಿ ಅದನ್ನು ಪೂರ್ತಿ ಓದಿ, ಕನ್ನಡಕ ತೆಗೆದು, "ನೂತನ ಏನ್ ಬಂತಮ್ಮ ಇದ್ರಲ್ಲಿ? ಇದು ಲೋಟ" ಅಂದರು. ಸಾಬೂನಿನವಳು ಮಧ್ಯಾಹ್ನದವರೆಗೂ ನಗುತ್ತಿದ್ದಳು.

ಆ ಭಾನುವಾರವೇ ನಮ್ಮ ಹಳೇ ಗಿರಾಕಿ, ಹಲ್ಲಿನ ಡಾಕ್ಟರು ಬಂದರು. ಚೀಲದಿಂದ ಮೊದಲು ನಾನು ಈಚೆಗೆ ಮಾರಿದ ಕಪ್ ತೆಗೆದರು, ಆಮೇಲೆ ಬೇರೆಯಾಗಿ ಅದರ ಹಿಡಿ ತೆಗೆದರು. ಎರಡನ್ನೂ ಬೆಳಕಿಗೆ ಹಿಡಿದು ಪರೀಕ್ಷಿಸಿ ತೀರ್ಪು ಕೊಟ್ಟರು.

"ವಸಡು ಚೆನ್ನಾಗಿದೆ. ಹಲ್ಲಿಗೇ ಬೇರಿಲ್ಲ. ಮೂರನೇ ದಿನ ಬಿಸಿ ಟೀ ಪೂರ್ತಿ ನನ್ನ ಬಿಳೀ ಕೋಟಿನ ಮೇಲೆ!"

"ಅಯ್ಯೋ, ಬೇರೆ ಕಪ್ ಕೊಡ್ತೀನಿ ಸರ್."

"ತಾಳಿ, ತಾಳಿ. ಇದನ್ನ ನೋಡಿ." ಇನ್ನೊಂದು ಪೊಟ್ಟಣ ಬಿಚ್ಚಿದರು. ನಾಲ್ಕು ವರ್ಷದ ಹಿಂದೆ ನಮ್ಮಲ್ಲಿ ಕೊಂಡಿದ್ದ ಕಪ್ಪಿನ ಹಿಡಿ. "ನಮ್ಮನೆಯವಳು ಬೀಳಿಸಿದ್ಲು. ಕಪ್ ಚೂರುಚೂರು. ಹಿಡಿ ನೋಡಿ, ಕಪ್ಪಿನ ಗೋಡೆ ಸಮೇತ ಕಚ್ಕೊಂಡು ಬಂದಿದೆ. ಇದನ್ನ ಅಂಟ್ಸಿದ್ದು ಯಾರು?"

"ನನ್ನ ತಂಗಿ."

"ಮತ್ತೆ ನೀವ್ಯಾಕೆ ಈ ಕೆಲಸಕ್ಕೆ ಕೈ ಹಾಕಿದ್ರಿ? ಅವರನ್ನೇ ಕರೀರಿ. ಮುಂದಿನ ತಿಂಗಳ ಸಂತೆಗೆ ಆರು ಕಪ್ ಬೇಕು ನಂಗೆ. ಹಿಡಿ ಹೀಗೇ ಇರ್ಬೇಕು."

ನಾನು ನಕ್ಕೆ. ಅವರು ನಗಲಿಲ್ಲ.

ಆ ಹಿಡಿಯನ್ನು ಕೇಳಿ ಇಸಿದುಕೊಂಡು ಬಂದೆ. ಈಗ ಇಲ್ಲೇ, ಈ ಕಾಗದ ಹಾರದ ಹಾಗೆ ಅದನ್ನೇ ಇಟ್ಟಿದ್ದೇನೆ. ಕೆಳಗೆ ಕೂಡುವ ಜಾಗದಲ್ಲಿ ನಿನ್ನ ಎಡ ಹೆಬ್ಬೆರಳು ಒತ್ತಿದ ಗುಳಿಯಿದೆ. ನನ್ನ ಹೆಬ್ಬೆರಳನ್ನು ಇಟ್ಟು ನೋಡಿದೆ. ಬಲಗೈಯವಳಾದ ನನ್ನದು ಅಲ್ಲಿ ಕೂರುವುದಿಲ್ಲ.

ಮನೆಯಲ್ಲಿ ಎಲ್ಲರೂ ಸೌಖ್ಯ. ಭಾವನಿಗೆ ಹೊಸ ಫಲಕ ಬರೆಯುವ ಉತ್ಸಾಹ ಬಂದಿದೆ, ತಡೆಯುತ್ತಿದ್ದೇನೆ. ಹೊತ್ತಿಗೆ ಸರಿಯಾಗಿ ಊಟ ಮಾಡು. ನಿನ್ನ ಕೈ ತಣ್ಣಗಿರಲಿ, ಕಣ್ಣು ಚುರುಕಾಗಿರಲಿ, ನೂರು ವರ್ಷ ನಗುನಗುತ್ತಾ ಬಾಳು.

ಇಂತಿ,
ನಿನ್ನ ಅಕ್ಕ

ವಿ.ಸೂ.: ಮೇಲಿನದ್ದೆಲ್ಲ ಪೀಠಿಕೆ ಎಂದು ನಿನಗೆ ಆಗಲೇ ಗೊತ್ತಾಗಿರುತ್ತದೆ. ಒಂದು ಒಡೆದ ಕಪ್ಪಿಗಾಗಿ ನಾವು ಜಗಳವಾಡಿದೆವು ಎಂದು ಇಷ್ಟು ದಿನ ಎಲ್ಲರಿಗೂ ಹೇಳಿಕೊಂಡು ಬಂದೆ, ಅಮ್ಮನಿಗೂ. ಅವತ್ತು ಆ ದೊಡ್ಡ ಟೋಪಿಯ ಹೆಂಗಸು "ಇಬ್ರೂ ಸೇರಿ ಮಾಡ್ತೀರಾ?" ಎಂದು ಕೇಳಿದಾಗ, "ಕಪ್ ಮಾಡೋದು ನಾನು, ಇವಳು ಬರೀ ಹಿಡಿ ಅಂಟಿಸ್ತಾಳೆ" ಅಂದೆ. ನೀನು ಮೇಜಿನ ಕೆಳಗಿಂದ ಮೊಣಕಾಲು ತೆಗೆದುಕೊಂಡೆ, ಅಷ್ಟೆ. ಮೇಜು ವಾಲಿತು, ಕಪ್ ಬಿತ್ತು, ನಾನು ಸಂತೆಯ ಮುಂದೆ ನಿನಗೆ ಬೈದೆ. ನೀನು ಯಾಕೆ ಎದ್ದು ಹೋದೆ ಎಂದು ನನಗೆ ಆ ಗಳಿಗೆಯಲ್ಲೇ ಗೊತ್ತಿತ್ತು ಚೂಟಿ. ಕಾರಣವನ್ನು ಕಪ್ಪಿನ ಮೇಲೆ ಹಾಕುವುದು ಸುಲಭವಾಗಿತ್ತು. ತಪ್ಪಾಯಿತು.

ಒಂದು ಸಣ್ಣ ಉಪಕಾರ ಮಾಡು. ಅಂಟಿಸುವ ಮೊದಲು ನೀನು ಹಿಡಿಗಳನ್ನು ಒದ್ದೆ ಬಟ್ಟೆಯ ಕೆಳಗೆ ಎಷ್ಟು ಹೊತ್ತು ಇಡುತ್ತಿದ್ದೆ? ಆರು ವರ್ಷ ಪಕ್ಕದಲ್ಲೇ ಕೂತಿದ್ದೂ ನಾನು ಒಂದು ಸಲವೂ ನೋಡಲಿಲ್ಲ. ಒಂದು ಕಾರ್ಡಿನಲ್ಲಿ ಬರೆದು ಹಾಕು. ಬೇರೇನೂ ಬರೆಯುವ ಮನಸ್ಸಿಲ್ಲದಿದ್ದರೆ ಬೇಡ, ಎಷ್ಟು ನಿಮಿಷ ಅಂತ ಮಾತ್ರ ಬರೆ.