ಬೀಳಿಸಿ ನೋಡುವ ಪರೀಕ್ಷೆ

ನವೆಂಬರ್ 3, ಸೋಮವಾರ. ಬೆಳಿಗ್ಗೆ 6.20

ಬಿ.ಪಿ. ಮಾತ್ರೆ ಆಯಿತು. ಬೂಟಿಗೆ ಪಾಲಿಶ್ ಆಯಿತು. ಸೋಮವಾರ ಅಂದರೆ ಆರ್ಮರಿ ಬಾಗಿಲು ತೆಗೆದು ಬಂದೂಕುಗಳನ್ನೆಲ್ಲ ಒಂದೊಂದಾಗಿ ಒರೆಸುವ ದಿನ. ಇಪ್ಪತ್ತಾರು ವರ್ಷದಿಂದ ಇದೇ ಕೆಲಸ. ರಿಟೈರ್ ಆಗಲು ಇನ್ನು ಹದಿನಾಲ್ಕು ತಿಂಗಳು.

ನಿನ್ನೆ ಇನ್ಸ್‌ಪೆಕ್ಟರ್ ಪ್ರದ್ಯುಮ್ನ ಫೋನ್ ಮಾಡಿದ್ದರು. ಹೊಸ ಪಿಸ್ತೂಲಿನ ಸ್ಯಾಂಪಲ್ ಬಂದಿದೆಯಂತೆ. ಎರಡು ವಾರ ಟ್ರಯಲ್ ಮಾಡಿ ವರದಿ ಕೊಡಬೇಕು. ಒಪ್ಪಿಗೆಯಾದರೆ ಹಳೆಯವೆಲ್ಲ ವಾಪಸ್ಸು.

"ನಟರಾಜ್ ಅವ್ರೇ, ವರದೀಲಿ ನಿಮ್ಮ ಸೈನ್ ಇದ್ರೆ ಮೇಲಿನವರು ಎರಡನೇ ಪ್ರಶ್ನೆ ಕೇಳಲ್ಲ" ಅಂದರು.

ಒಳ್ಳೆಯ ಮಾತೇ. ಉಣ್ಣದೆ ತಟ್ಟೆ ಸರಿಸಿ ಎದ್ದೆ.

ಸಂಜೆ 5.40

ನೋಡಿದೆ. ಕೈಗೆ ತೆಗೆದುಕೊಂಡ ಕೂಡಲೇ ತೂಕ ತಿಳಿಯಿತು. ಈಗ ಬರುವುದೆಲ್ಲ ಪ್ಲಾಸ್ಟಿಕ್ ಬಾಡಿ. ಇದು ಪೂರ್ತಿ ಲೋಹ. ಹಿಡಿ ತಣ್ಣಗಿತ್ತು, ಅಂಗೈ ಬಿಸಿಗೆ ನಿಧಾನವಾಗಿ ಬೆಚ್ಚಗಾಯಿತು. ಹಿಂದೆ ಮುಂದೆ ಸರಿಯುವ ಸ್ಲೈಡಿನ ಮೇಲೆ ಒಂದು ಪುಟ್ಟ ಲೋಹದ ಪಟ್ಟಿಯನ್ನು ಸ್ಕ್ರೂ ಹಾಕಿ ಕೂರಿಸಿದ್ದಾರೆ. ಅದನ್ನು ತೆಗೆದರೆ ರೆಡ್ ಡಾಟ್ ಸೈಟ್ ಕೂರುತ್ತದೆ. ಗಾಜಿನಲ್ಲಿ ಒಂದು ಕೆಂಪು ಚುಕ್ಕೆ. ಚುಕ್ಕೆ ಎಲ್ಲಿದೆಯೋ ಗುಂಡು ಅಲ್ಲಿ.

ಬಿಚ್ಚಿದೆ, ಜೋಡಿಸಿದೆ. ಮತ್ತೆ ಬಿಚ್ಚಿದೆ. ಕೆಲಸ ಅಚ್ಚುಕಟ್ಟು. ಟ್ರಿಗರ್ ಪೂರ್ತಿ ಒತ್ತುವವರೆಗೂ ತೋಟಾಕ್ಕೆ ಬಡಿಯುವ ಒಳಗಿನ ಮೊಳೆಗೆ ಅಡ್ಡಲಾಗಿ ಒಂದು ತಡೆ ನಿಂತಿರುತ್ತದೆ. ಕೈಜಾರಿ ಬಿದ್ದರೂ ಗುಂಡು ಹಾರದು. ಅದನ್ನೇ ನೋಡುತ್ತಾ ಎಷ್ಟು ಹೊತ್ತು ಕೂತಿದ್ದೆನೋ. ಪ್ರದ್ಯುಮ್ನ ಬಂದು "ಚೆನ್ನಾಗಿದ್ಯಾ?" ಅಂದರು. ಹೂಂ ಅಂದೆ.

ಹಳೆಯವಕ್ಕೆ ಆ ತಡೆ ಇಲ್ಲ.

ನವೆಂಬರ್ 4, ಮಂಗಳವಾರ

ಫೈರಿಂಗ್ ರೇಂಜ್. ಗುಂಡು ಹಾರಿಸಲು ಮೂವರನ್ನು ಕೊಟ್ಟಿದ್ದಾರೆ. ಪಟ್ಟಿ ಓದಿದೆ. ಮೂರನೆಯ ಹೆಸರು — ಧನ್ಯಾ ಪಿ.

ಪಿ. ಅಂದರೆ ಪರಮೇಶ್, ನನ್ನ ಜೊತೆ ಡ್ಯೂಟಿ ಮಾಡುತ್ತಿದ್ದವನು.

ಅರಕಲಗೂಡಿನ ಹುಡುಗಿ. ಪರೀಕ್ಷೆ ಬರೆದು ಕಳೆದ ವರ್ಷ ಕಾನ್‌ಸ್ಟೆಬಲ್ ಆಗಿದ್ದಾಳೆ. ಚಿಕ್ಕವಳಿದ್ದಾಗ ಕ್ವಾರ್ಟರ್ಸಿನಲ್ಲಿ ನನ್ನ ಹೆಗಲ ಮೇಲೆ ಕೂತು ಬೇಕರಿಗೆ ಬರುತ್ತಿದ್ದವಳು. ಎಲ್ಲರ ಎದುರು ಸಲ್ಯೂಟ್ ಹೊಡೆದಳು. ಬೇರೆಯವರು ಅತ್ತ ಹೋದಮೇಲೆ ಮೆಲ್ಲಗೆ — "ಮಾಮ, ತಿಂಡಿ ಆಯ್ತಾ? ಯಾಕಿಂಗೆ ಸೊರಗಿದೀರಾ?"

ನೂರಿಪ್ಪತ್ತು ಗುಂಡು. ಒಂದೂ ಸಿಕ್ಕಿಹಾಕಿಕೊಳ್ಳಲಿಲ್ಲ. ಲೋಹದ ತೂಕಕ್ಕೆ ಗುಂಡು ಹಾರಿದಾಗ ಪಿಸ್ತೂಲು ಮೇಲಕ್ಕೆ ಎಗರುವುದು ಕಡಿಮೆ. ಧನ್ಯಾಳ ಗುಂಡುಗಳೆಲ್ಲ ಅಂಗೈಯಗಲದಲ್ಲಿ. ಉಳಿದಿಬ್ಬರದು ಚದುರಿತ್ತು.

ಕೊನೆಗೆ ನಾನೂ ಹಿಡಿದೆ. ಗಾಜಿನಲ್ಲಿ ಕೆಂಪು ಚುಕ್ಕೆ. ಹಳೆಯ ಪಿಸ್ತೂಲಿನ ಕಬ್ಬಿಣದ ಗುರಿಮೊನೆಯಲ್ಲಿ ಕೈ ನಡುಗಿದರೂ ತಿಳಿಯುತ್ತಿರಲಿಲ್ಲ, ಕೈ ಸರಿಯಾಗಿದೆ ಅಂದುಕೊಂಡು ಹೊಡೆಯುತ್ತಿದ್ದೆವು. ಇದು ಹಾಗಲ್ಲ. ನಡುಗಿದ್ದನ್ನೆಲ್ಲ ತೋರಿಸುತ್ತದೆ. ಚುಕ್ಕೆ ಒಂದು ಕಡೆ ನಿಲ್ಲಲೇ ಇಲ್ಲ. ಹೊಡೆಯದೆ ಕೆಳಗಿಟ್ಟೆ.

"ಕಣ್ಣು ಮಂಜು" ಅಂದೆ.

ನವೆಂಬರ್ 6, ಗುರುವಾರ. ಬೆಳಿಗ್ಗೆ 5.30

ಎಚ್ಚರವಾಯಿತು. ಅದೇ ಸದ್ದು. ಠಣ್. ಆಮೇಲೆ ಗುಂಡು.

ಯಾವಾಗಲೂ ಆ ಎರಡರ ಮಧ್ಯದ ಜಾಗದಲ್ಲಿ ಎಚ್ಚರವಾಗುತ್ತದೆ.

ಮಲ್ಲಿಗಮ್ಮ ಎದ್ದು ನೀರು ಕೊಟ್ಟಳು. "ಮತ್ತೆ ಅದೇ ಕನಸಾ?" ಕೇಳಿದಳು. ಮದುವೆಯಾಗಿ ಮೂವತ್ತು ವರ್ಷ. ಕನಸು ಅಂತಲೇ ಹೇಳಿದ್ದೇನೆ ಅವಳಿಗೂ.

ನವೆಂಬರ್ 7, ಶುಕ್ರವಾರ. ಸಂಜೆ

ಇವತ್ತು ಬೀಳಿಸಿ ನೋಡುವ ಪರೀಕ್ಷೆ. ಗುಂಡು, ಮದ್ದು ಎರಡನ್ನೂ ತೆಗೆದ ತೋಟಾ ಒಳಗಿಡುತ್ತೇವೆ. ತಳದಲ್ಲಿ, ಮೊಳೆ ಬಡಿದರೆ ಸಿಡಿಯುವ ಪುಟ್ಟ ಪ್ರೈಮರ್ ಮಾತ್ರ ಇರುತ್ತದೆ. ಎದೆಯೆತ್ತರದಿಂದ ಸಿಮೆಂಟ್ ನೆಲಕ್ಕೆ ಬಿಡಬೇಕು. ನಳಿಗೆಯ ಬಾಯಿ ಕೆಳಗಾಗಿ, ಬಾಯಿ ಮೇಲಾಗಿ, ಎಡಕ್ಕೆ, ಬಲಕ್ಕೆ, ಹಿಂಭಾಗ ನೆಲಕ್ಕೆ ತಾಗುವಂತೆ. ಸಿಡಿದರೆ ಫೇಲ್.

ಬಿಡುವವನು ನಾನು. ಬರೆದುಕೊಳ್ಳುವವಳು ಧನ್ಯಾ.

ಠಣ್.

ಕಾದೆ. ಏನೂ ಆಗಲಿಲ್ಲ. ಬರೆದಳು.

ಠಣ್.

ಅರವತ್ತು ಸಲ. ಒಂದೂ ಸಿಡಿಯಲಿಲ್ಲ. ಪ್ರತಿ ಸಲವೂ ಆ ಎರಡನೆಯ ಸದ್ದಿಗೆ ಕಾದೆ. ಅಂಗಿ ಬೆನ್ನಿಗೆ ಅಂಟಿತ್ತು. ಮೂವತ್ತನೆಯ ಸಲದ ಹೊತ್ತಿಗೆ ಬಾಗಿಲ ಬಳಿ ಯಾರೋ ಗಂಟಲು ಸರಿಮಾಡಿಕೊಂಡ ಹಾಗಾಯಿತು. ಪರಮೇಶ ಒಳಗೆ ಬರುವ ಮುಂಚೆ ಹಾಗೇ ಮಾಡುತ್ತಿದ್ದ. ತಿರುಗಿದೆ. ಬಾಗಿಲಲ್ಲಿ ಬಿಸಿಲು ಮಾತ್ರ.

ಮುಗಿದಮೇಲೆ ಧನ್ಯಾ ಪುಸ್ತಕ ಮುಚ್ಚಿದಳು.

"ಮಾಮ, ಒಂದು ಕೇಳ್ಲಾ? ಇದು ಬಿದ್ರೂ ಹೊಡೆಯಲ್ಲ. ಅಂಗಾರೆ ಹಳೇವು ಬಿದ್ರೆ ಹೊಡೀತವಾ?"

"ಸರಿಯಾಗಿ ಇಟ್ಕೊಂಡಿದ್ರೆ ಹೊಡೆಯಲ್ಲ ಕಣವ್ವ."

"ನಮ್ಮಪ್ಪನ್ದು?"

"ಅದು ಸರಿಯಾಗೇ ಇತ್ತು. ಎನ್‌ಕ್ವೈರಿಲಿ ಬರ್ದಿದ್ದಾರಲ್ಲ."

ಪೆನ್ನಿನ ಮುಚ್ಚಳ ಹಾಕಿದಳು. ಆಮೇಲೆ ನಕ್ಕಳು. "ನೀವು ಸೈನ್ ಹಾಕಿ ಕೊಟ್ರೆ ನಾನು ಧೈರ್ಯವಾಗಿ ಸೊಂಟಕ್ಕೆ ಸಿಗಿಸ್ಕೋತೀನಿ. ಅಮ್ಮನೂ ಅದೇ ಹೇಳ್ತು. ನಟರಾಜಣ್ಣ ನೋಡಿದ್ರೆ ಸಾಕು ಅಂತ."

ಕೈ ತೊಳೆಯಲು ಹೋದೆ. ಮೂರು ಸಲ ಸೋಪು ಹಚ್ಚಿ ತೊಳೆದೆ.

ನವೆಂಬರ್ 13, ಗುರುವಾರ

ಐದು ದಿನ ಬರೆಯಲಿಲ್ಲ. ರಜೆ ಹಾಕಿ ಮಲಗಿದ್ದೆ. ಜ್ವರವಿರಲಿಲ್ಲ.

ಬರೆದೇ ಬಿಡುತ್ತೇನೆ. ಇಲ್ಲಿಯಾದರೂ.

2014, ಜೂನ್. ಪರಮೇಶ ಸಾಯುವ ಮೂರು ದಿನ ಮುಂಚೆ ಪಿಸ್ತೂಲು ತಂದು ಮೇಜಿನ ಮೇಲಿಟ್ಟ. "ಅಣ್ಣ, ಇದ್ರ ಹ್ಯಾಮರ್ ನಿಲ್ತಾ ಇಲ್ಲ. ಎಳೆದು ಬಿಟ್ಮೇಲೆ ಹೆಬ್ಬೆಟ್ಟು ತಾಗಿದ್ರೂ ಸಾಕು, ಮೊಳೆ ಮೇಲೆ ಬೀಳ್ತದೆ. ಒಂಚೂರು ನೋಡಿ." ಮಾರನೆಯ ದಿನ ದೊಡ್ಡ ಸಾಹೇಬರ ಇನ್‌ಸ್ಪೆಕ್ಷನ್. ಬಂದೂಕುಗಳ ರಾಶಿ ಮುಂದಿತ್ತು. ಬಿಚ್ಚಿ ನೋಡಲಿಲ್ಲ. ಪಿಸ್ತೂಲಿನ ತಪಾಸಣೆ ಕಾರ್ಡಿನ ಮೇಲೆ "ಪರೀಕ್ಷಿಸಿದೆ, ಸರಿ ಇದೆ" ಅಂತ ಬರೆದು ಸೈನ್ ಹಾಕಿದೆ. ಅಷ್ಟೇ ಹೊತ್ತು. ಒಂದು ಟೀ ಕುಡಿಯುವಷ್ಟೂ ಇಲ್ಲ.

ಮೂರನೆಯ ದಿನ ಸಂಜೆ ಎಸ್ಕಾರ್ಟ್ ಡ್ಯೂಟಿ ಮುಗಿಸಿ ಬಂದ. ಪಕ್ಕದ ಕೋಣೆಯಲ್ಲಿ ಬೆಲ್ಟ್ ಬಿಚ್ಚುತ್ತಿದ್ದ. ಒಬ್ಬನೇ. ನಾನು ಗೋಡೆಯ ಈಚೆ. ಮೊದಲು ಠಣ್ ಅಂತ ಕಬ್ಬಿಣ ನೆಲಕ್ಕೆ ಬಿದ್ದ ಸದ್ದು. ಆಮೇಲೆ ಗುಂಡು. ಹಿಂಭಾಗ ಮೊದಲು ತಾಗಿದೆ, ಬಾಯಿ ಮೇಲಕ್ಕಿದೆ. ಗದ್ದದ ಕೆಳಗಿನಿಂದ ಹೊಕ್ಕಿತ್ತು. ಮೊದಲು ಓಡಿದವನು ನಾನು. ಹೋಗುವಷ್ಟರಲ್ಲಿ ಹೋಗಿಬಿಟ್ಟಿದ್ದ.

ಪಿಸ್ತೂಲಿನ ಗುಂಡು ತೆಗೆದು ಸೀಲ್ ಮಾಡಿಕೊಡು ಅಂದರು ಸಾಹೇಬರು. ನನಗೇ. ಬಾಗಿಲು ಹಾಕಿಕೊಂಡು ಬಿಚ್ಚಿದೆ. ಹ್ಯಾಮರನ್ನು ಹಿಡಿದಿಡುವ ಪುಟ್ಟ ಕೊಕ್ಕೆ ಸವೆದು ನುಣ್ಣಗಾಗಿತ್ತು. ತೆಗೆದೆ. ಹೊಸದು ಹಾಕಿದೆ. ಸೀಲ್ ಮಾಡಿದೆ.

ಲ್ಯಾಬಿನವರು ನೋಡಿದರು. ಪಿಸ್ತೂಲು ಸುಸ್ಥಿತಿಯಲ್ಲಿದೆ. ಗಾಯ ಗದ್ದದ ಕೆಳಗಿದೆ. ಅವರು ಮತ್ತೇನು ಬರೆಯಬೇಕು? ತಾನೇ ಹೊಡೆದುಕೊಂಡಿದ್ದಾನೆ ಅಂತ ಆಯಿತು. ನನ್ನ ಹೇಳಿಕೆ ತೆಗೆದುಕೊಂಡರು. ಗುಂಡಿನ ಸದ್ದು ಕೇಳಿತು ಅಂದೆ. ಮೊದಲಿನ ಸದ್ದು ಹೇಳಲಿಲ್ಲ.

ಕೊಕ್ಕೆಯನ್ನು ಶೆಟ್ಟಿಹಳ್ಳಿ ಹಿನ್ನೀರಿಗೆ ಎಸೆದೆ. ಉಗುರಿನಷ್ಟು ಕಬ್ಬಿಣ. ಆದರೂ ಪ್ರತಿ ಬೇಸಿಗೆ ನೀರು ಇಳಿದು ಅಲ್ಲಿ ಮುಳುಗಿರುವ ಹಳೇ ಚರ್ಚಿನ ಬುಡ ಕಂಡಾಗ ಹೋಗಿ ಕೆಸರು ನೋಡಿ ಬರುತ್ತೇನೆ. ಫೋಟೋ ತೆಗೆಸಿಕೊಳ್ಳಲು ಬಂದವರ ಮಧ್ಯೆ, ತಲೆ ತಗ್ಗಿಸಿಕೊಂಡು. ಏನು ಕಳಕೊಂಡ್ರಿ ಸಾ ಅಂತ ಒಮ್ಮೆ ಯಾರೋ ಕೇಳಿದರು.

ನವೆಂಬರ್ 14, ಶುಕ್ರವಾರ. ಮಧ್ಯಾಹ್ನ

ಬೆಳಿಗ್ಗೆ ವರದಿ ಟೈಪ್ ಆಗಿ ಬಂತು. ಎಂಟು ಹಾಳೆ. ಪಿಸ್ತೂಲು ಎಲ್ಲದರಲ್ಲೂ ಪಾಸು. ಮಣ್ಣು, ನೀರು, ಸಾವಿರ ಗುಂಡು ಎಲ್ಲ ನಾನು ರಜೆ ಹಾಕುವ ಮುಂಚೆಯೇ ಮುಗಿದಿತ್ತು. ರೆಡ್ ಡಾಟಿನ ಸ್ಕ್ರೂ ಕೂಡ ಸಡಿಲವಾಗಿಲ್ಲ. ಒಳ್ಳೆಯ ಆಯುಧ. ಅದರಲ್ಲಿ ಸುಳ್ಳಿಲ್ಲ.

ಕೊನೆಯ ಹಾಳೆಯಲ್ಲಿ — "ನಾನು ಖುದ್ದಾಗಿ ಪರೀಕ್ಷಿಸಿ ದೃಢೀಕರಿಸುತ್ತೇನೆ." ಕೆಳಗೆ ನನ್ನ ಹೆಸರು.

ಪೆನ್ನು ಊರಿದೆ. ಆಗಲಿಲ್ಲ. ನಿಜವನ್ನೇ ದೃಢೀಕರಿಸಬೇಕಿತ್ತು, ಆದರೂ ಆಗಲಿಲ್ಲ.

ಧನ್ಯಾಳನ್ನು ರೇಂಜಿನ ಬೇವಿನ ಮರದ ಕೆಳಗೆ ಕರೆದೆ. ನಿಂತುಕೊಂಡೇ ಹೇಳಿದೆ. ಕಾರ್ಡು, ಕೊಕ್ಕೆ, ಠಣ್, ಎಲ್ಲ. ಅತ್ತುಬಿಡುತ್ತಾಳೆ ಅಂದುಕೊಂಡಿದ್ದೆ. ಹೊಡೆಯುತ್ತಾಳೆ ಅಂದುಕೊಂಡಿದ್ದೆ. ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡಳು.

"ನಾನು ಆರನೇ ಕ್ಲಾಸು ಆವಾಗ" ಅಂದಳು. "ಇಸ್ಕೂಲಲ್ಲಿ ಮಕ್ಕಳು ಕೇಳೋರು, ನಿಮ್ಮಪ್ಪ ಯಾಕೆ ಹೊಡ್ಕೊಂಡ ಅಂತ. ನನ್ಗೆ ಗೊತ್ತಿರ್ನಿಲ್ಲ. ಅಮ್ಮನ್ನ ಕೇಳಿದ್ರೆ ಅಮ್ಮ ಅಳೋದು. ಆಮೇಲೆ ಕೇಳೋದೇ ಬುಟ್ಬುಟ್ಟೆ."

ಟೋಪಿಯ ಅಂಚನ್ನು ಬೆರಳಿನಿಂದ ಒರೆಸಿದಳು.

"ಅವತ್ತು ಬೆಳಿಗ್ಗೆ ಅಮ್ಮ ಅಪ್ಪನ್ ಕುಟೆ ಜಗಳ ಆಡಿತ್ತು. ಅಪ್ಪ ಉಣ್ಣದೇ ಹೋದ್ರು. ಹನ್ನೊಂದು ವರ್ಷ, ನನ್ನಿಂದ್ಲೇ ಸತ್ರು ಅಂತ ಅಂದ್ಕೊಂಡು ಕೂತದೆ ಅಮ್ಮ. ನೀವು ನಮ್ಮನೆಗೆ ಎಷ್ಟು ಸಲ ಬಂದೀರಿ? ನಮ್ಮನೇಲಿ ಎಷ್ಟು ಸಲ ಉಂಡೀರಿ?"

ಟೋಪಿ ಹಾಕಿಕೊಂಡಳು. ಸರಿಮಾಡಿಕೊಂಡಳು.

"ನಾನು ಅಮ್ಮನ್ಗೆ ಹೇಳಲ್ಲ. ನೀವೇ ಹೇಳಿ. ಭಾನ್ವಾರ ಮನೇಲಿರ್ತೀವಿ, ಬನ್ನಿ ನಟರಾಜ್ ಸಾರ್."

ಸಾರ್ ಅಂದಳು.

ನವೆಂಬರ್ 15, ಶನಿವಾರ

ಮಲ್ಲಿಗಮ್ಮನಿಗೂ ಹೇಳಿದೆ. ಅಕ್ಕಿ ಆರಿಸುತ್ತಿದ್ದಳು. ಕೈ ನಿಲ್ಲಿಸಲಿಲ್ಲ. ಒಂದು ಕಲ್ಲು ಆರಿಸಿ ಪಕ್ಕಕ್ಕಿಟ್ಟು — "ಕನಸು ಅಂದ್ರಿ ನನ್ಗೆ." ಅಷ್ಟೇ. ಮಧ್ಯಾಹ್ನ ಚನ್ನರಾಯಪಟ್ಟಣದ ಬಸ್ಸು ಹತ್ತಿದಳು, ತಮ್ಮನ ಮನೆಗೆ. ಯಾವಾಗ ಬರುತ್ತೀಯಾ ಅಂತ ಕೇಳಲು ಧೈರ್ಯ ಬರಲಿಲ್ಲ.

ನವೆಂಬರ್ 16, ಭಾನುವಾರ. ಸಂಜೆ

ಅರಕಲಗೂಡು. ಸ್ನೇಹಲತಾ ಹೊಲಿಗೆ ಮಿಶನ್ ಮುಂದೆ ಇದ್ದರು. ಪರಮೇಶನ ಹೆಂಡತಿ, ಈಗ ನಲವತ್ಮೂರೋ ನಲವತ್ನಾಲ್ಕೋ. ಕೂದಲು ಪೂರಾ ಬೆಳ್ಳಗಾಗಿದೆ. "ಬನ್ನಿ ಅಣ್ಣ, ಅಪರೂಪ" ಅಂದು ಕುರ್ಚಿ ಒರೆಸಿದರು. ಧನ್ಯಾ ಬಾಗಿಲಿಗೆ ಒರಗಿ ನಿಂತಳು. ಕೂರಲಿಲ್ಲ.

ನೆಲದ ಮೇಲೆ ಕೂತು ಹೇಳಿದೆ. ಅವರ ಮುಖ ನೋಡಲಿಲ್ಲ, ಮಿಶನ್ನಿನ ಪೆಡಲ್ ನೋಡುತ್ತಾ ಹೇಳಿದೆ. ಹೇಳಿ ಮುಗಿಸಿದೆ. ಬೀದಿಯಲ್ಲಿ ಆಟೋ ಹೋಯಿತು. ಇನ್ನೊಂದು ಹೋಯಿತು.

"ಅಂಗಾರೆ" ಅಂದರು. ನಿಲ್ಲಿಸಿದರು. "ಅಂಗಾರೆ ಅವ್ರಾಗೇ ಒಡ್ಕೊಳ್ನಿಲ್ವಾ?"

"ಇಲ್ಲವ್ವ. ಕೈ ಜಾರಿ ಬಿತ್ತು."

"ಜಾರಿ ಬಿತ್ತು."

"ಹೂಂ."

"ನೀವು ಕಿವಿಯಾರೆ ಕೇಳುದ್ರಾ? ಬಿದ್ದದ್ದು?"

"ಕೇಳ್ದೆ. ಮೊದ್ಲು ಬಿದ್ದದ್ದು. ಆಮೇಲೆ ಗುಂಡು."

ಸೆರಗು ಬಾಯಿಗೆ ಒತ್ತಿಕೊಂಡರು. ಅಳು ಅನ್ನುವಂತಿರಲಿಲ್ಲ ಆ ಸದ್ದು. ಬಾವಿಯೊಳಗಿಂದ ಏನನ್ನೋ ಜಗ್ಗಿ ಎಳೆದ ಹಾಗೆ. ಧನ್ಯಾ ಓಡಿ ಬಂದು ತಬ್ಬಿಕೊಂಡಳು.

ಎದ್ದು ಹೊರಡಬೇಕೋ ಬೇಡವೋ ತಿಳಿಯದೆ ಕೂತೇ ಇದ್ದೆ. ಕ್ಷಮಿಸಿ ಅನ್ನಲು ಬಾಯಿ ತೆರೆದೆ. ಸ್ನೇಹಲತಾ ಕೈ ಅಡ್ಡ ಹಿಡಿದರು.

"ಬ್ಯಾಡಿ. ಅದುನ್ನ ಈಗ ಕೇಳ್ಬ್ಯಾಡಿ. ನನ್ ಕುಟೆ ಆಗಾಕಿಲ್ಲ." ಉಸಿರು ಎಳೆದುಕೊಂಡರು. "ಇದುನ್ನ ಎಲ್ಲಾರೂ ಕೇಳಂಗೆ ಏಳ್ತೀರಾ? ನಿಮ್ ಸಾಹೇಬ್ರ ಮುಂದೆ?"

"ನಾಳೆ ಬರೆದು ಕೊಡ್ತೀನಿ. ಕೆಲಸ ಹೋದ್ರೂ ಸರಿ, ಕೇಸ್ ಹಾಕಿದ್ರೂ ಸರಿ."

"ನಿಮ್ ಕೆಲ್ಸದ್ ಮಾತು ನನ್ಗ್ಯಾಕೆ?" ಅಂದರು.

ನವೆಂಬರ್ 17, ಸೋಮವಾರ. ಬೆಳಿಗ್ಗೆ 9.25. ಹಾಸನ ಬಸ್ ಸ್ಟ್ಯಾಂಡ್

ಬೆಂಚಿನ ಮೇಲೆ ಕೂತು ಬರೆಯುತ್ತಿದ್ದೇನೆ. ಹೇಳಿಕೆ ಜೇಬಿನಲ್ಲಿದೆ. ನಾಲ್ಕು ಹಾಳೆ. ಮೊದಲ ಸಾಲು ಬರೆಯಲು ಒಂದು ಗಂಟೆ ಹಿಡಿಯಿತು — "ಪರಮೇಶ್ ಆತ್ಮಹತ್ಯೆ ಮಾಡಿಕೊಂಡಿಲ್ಲ." ಉಳಿದದ್ದು ತಾನಾಗಿಯೇ ಬಂತು.

ಏಳಕ್ಕೇ ಪ್ರದ್ಯುಮ್ನ ಅವರಿಗೆ ಫೋನ್ ಮಾಡಿ ಹೇಳಿದ್ದೆ. ಯಾವ ವರ್ಷ ಅಂತ ಎರಡು ಸಲ ಕೇಳಿದರು. ಆಮೇಲೆ, ಪಿಸ್ತೂಲಿನ ವರದಿಗೆ ಬೇರೆಯವರ ಸೈನ್ ಹಾಕಿಸುತ್ತೇನೆ, ನೀವು ಹತ್ತಕ್ಕೆ ಬನ್ನಿ ಅಂದರು. ಪಿಸ್ತೂಲು ಒಳ್ಳೆಯದು ಸಾರ್, ತಗೊಳ್ಳಿ, ಅಂದೆ. ಹೂಂ ಅಂದರು.

ಎಂಟಕ್ಕೆ ಸ್ನೇಹಲತಾ ಫೋನ್. "ನಾನೂ ಬತ್ತಿವ್ನಿ. ನೀವು ಓದುವಾಗ ನಾನಲ್ಲಿರ್ಬೇಕು. ನಿಂತ್ಕಂಡು ಗಟ್ಟಿಯಾಗಿ ಓದ್ಬೇಕು ನೀವು." ನನ್ನ ಉತ್ತರಕ್ಕೆ ಕಾಯದೆ ಇಟ್ಟರು.

ಅರಕಲಗೂಡಿನ ಬಸ್ಸು ಬಂತು. ಜನ ಇಳಿಯುತ್ತಿದ್ದಾರೆ. ಧನ್ಯಾ ಇಳಿದಳು, ಯೂನಿಫಾರ್ಮಿನಲ್ಲಿ. ಅಮ್ಮನ ಕೈ ಹಿಡಿದು ಇಳಿಸುತ್ತಿದ್ದಾಳೆ. ಸ್ನೇಹಲತಾ ಇಸ್ತ್ರಿ ಮಾಡಿದ ಸೀರೆ ಉಟ್ಟಿದ್ದಾರೆ. ಸುತ್ತ ಹುಡುಕುತ್ತಿದ್ದಾರೆ. ನೋಡಿದರು. ಇಬ್ಬರೂ ಈ ಕಡೆಗೇ ಬರುತ್ತಿದ್ದಾರೆ. ಎದ್ದು ನಿಲ್ಲಬೇಕು. ಪುಸ್ತಕ ಮುಚ್ಚುತ್ತಿದ್ದೇನೆ.