ತಿಪ್ಪಮ್ಮನ ರೆಕಾರ್ಡಿಗೊಂದು ಕ್ಲ್ಯಾಂಪು

ರೊಳ್ಳ,
12-2-1999

ಮಗಳೇ ಸೌಭಾಗ್ಯಾ, ನಿನ್ನ ಮಾವನ ಆಶೀರ್ವಾದ.

ಹೇಗಿದ್ದೀಯಮ್ಮ? ಗಾರ್ಮೆಂಟ್ಸಿನಲ್ಲಿ ದಿನವಿಡೀ ಕಟಿಂಗ್ ಟೇಬಲ್ ಮುಂದೆ ನಿಂತು ಕಾಲು ಊದುತ್ತವೆ ಎಂದಿದ್ದೆಯಲ್ಲ, ಈಗ ಪರವಾಗಿಲ್ಲವೇ? ಬಿಸಿನೀರಿಗೆ ಕಲ್ಲುಪ್ಪು ಹಾಕಿ ಕಾಲಿಡು, ಸೋಮಾರಿತನ ಮಾಡಬೇಡ. ರಾಯದುರ್ಗದಲ್ಲಿ ನಿಮ್ಮಕ್ಕ, ಭಾವ ಕ್ಷೇಮವೇ? ಇಲ್ಲಿ ರೇಷ್ಮೆ ಹುಳು ಪೊರೆ ಕಳಚಿ ನಾಲ್ಕನೇ ಜ್ವರದಿಂದ ಎದ್ದಿವೆ, ಎಷ್ಟು ಸೊಪ್ಪು ಹಾಕಿದರೂ ಸಾಲದು. ನಿನ್ನ ಗಂಡ ರಾಮಾಂಜಿಗೆ ಉಣ್ಣಲೂ ಪುರುಸೊತ್ತಿಲ್ಲ. ಅದಕ್ಕೇ ಈ ಸಲ ಪತ್ರ ನನ್ನದು.

ನೀನು ಬಸ್ಸಿನಲ್ಲಿ ಕಳಿಸಿದ ಪೊಟ್ಟಣ ತಲುಪಿತು, ಒಳಗಿನ ಕ್ಲ್ಯಾಂಪೂ ಚೀಟಿಯೂ ಸಿಕ್ಕವು. ನಿನ್ನ ಅತ್ತೆ ತಿಪ್ಪಮ್ಮನ ರೆಕಾರ್ಡಿನ ಕಥೆ ನಿನಗೆ ಗೊತ್ತೇ ಇದೆ. ರೆಕಾರ್ಡಿನವರು ಮಡಕಶಿರಕ್ಕೆ ಬಂದು ನಮ್ಮ ಕಡೆ ಹೆಂಗಸರಿಂದ ಹೆಣ್ಣೊಪ್ಪಿಸುವ ಹಾಡು ಹಾಡಿಸಿಕೊಂಡರು. ಅದರಲ್ಲಿ ಒಂದು ನುಡಿ ಅವಳೊಬ್ಬಳದೇ. ಮೂವತ್ತು ವರ್ಷ ಮೈಕ್ ಸೆಟ್ ಕಟ್ಟಿದವನು ನಾನು. ಅಂಥವನೇ ಒಂಬತ್ತು ವರ್ಷದ ಹಿಂದೆ ಅಗಳಿಯ ಮದುವೆಯೊಂದರಲ್ಲಿ ಅದನ್ನು ಜೀಪಿನ ಮೇಲೆ ಬಿಸಿಲಿಗೆ ಬಿಟ್ಟು ಹಪ್ಪಳ ಮಾಡಿದೆ. ಅಂಚು ಮೇಲೆದ್ದಿತು. ಅಂದಿನಿಂದ ರೆಕಾರ್ಡ್ ಪ್ಲೇಯರಿನ ಮುಳ್ಳು ಸರಿಯಾಗಿ ಅವಳ ನುಡಿಯ ಹತ್ತಿರವೇ ಹಾರುತ್ತಿತ್ತು. ನಿನ್ನ ಮದುವೆಯಲ್ಲೂ ಹಾರಿತು. ನಾನು ಮುಳ್ಳಿನ ತಲೆಯ ಮೇಲೆ ರೂಪಾಯಿ ನಾಣ್ಯ ಇಟ್ಟೆ. ಅದು ಹಾರುವುದನ್ನೂ ಬಿಡಲಿಲ್ಲ, ಮೇಲಿಂದ ರೆಕಾರ್ಡನ್ನೂ ಗೀರಿತು.

ದೀಪಾವಳಿಗೆ ಬಂದಾಗ ನೀನು ಹೇಳಿದೆ, "ಮಾವಾ, ಬಟ್ಟೆ ಅಲುಗಾಡಿದ್ರೆ ನಾವು ಬಟ್ಟೆ ಮ್ಯಾಲೆ ತೂಕ ಇಕ್ತೀವಿ, ಕತ್ರಿ ಮ್ಯಾಲೆ ಇಕ್ತೀವಾ?" ನಾನು ಸಿಟ್ಟಿಗೆದ್ದು, "ಪ್ಯಾಂಟು ಕತ್ತರ್ಸೋಳಿಗೆ ಹಾಡಿನ ಸಂಗ್ತಿ ಏನ್ ಗೊತ್ತು?" ಅಂದುಬಿಟ್ಟೆ. ಆ ಮಾತು ನೆನೆದರೆ ಈಗ ನನಗೇ ನಾಚಿಕೆ. ನೀನು ಹೋದ ಮೇಲೆ ಕದ್ದು ಪರೀಕ್ಷೆ ಮಾಡಿದೆ, ಅದನ್ನೂ ಹೇಳಿಬಿಡುತ್ತೇನೆ. ಅಂಗಡಿ ಜುಂಜಣ್ಣನ ಅರ್ಧ ಕೆಜಿ ತೂಕದ ಬಟ್ಟು ತಂದು ರೆಕಾರ್ಡಿನ ನಡುವೆ ಇಟ್ಟೆ. ಮೋಟಾರು ಏದುಸಿರು ಬಿಟ್ಟು ನಿಧಾನವಾಯಿತು. ತಿಪ್ಪಮ್ಮನ ಗುಂಪೆಲ್ಲ ಜುಂಜಣ್ಣನ ದನಿಯಲ್ಲಿ ಹಾಡಿತು. ಅವನೂ ಕೇಳಿ ನಕ್ಕ.

ನಿನ್ನ ಚೀಟಿಯಲ್ಲಿ ಬರೆದದ್ದು ಅಕ್ಷರಶಃ ಸರಿ: ಸಣ್ಣ ಮೋಟಾರಿಗೆ ತೂಕ ಆಗದು, ರೆಕಾರ್ಡಿನ ನಡುತೂತಿನಿಂದ ಮೇಲೆ ಬರುವ ಕಡ್ಡಿಯನ್ನು ಹಿಡಿದು ಒತ್ತುವ ಹಗುರ ಕ್ಲ್ಯಾಂಪೇ ಆಗಬೇಕು. ಅದನ್ನು ಮಾಡಿಕೊಟ್ಟ ಲೇತಿನ ಸಿದ್ದರಾಮೇಶ್ "ಏನ್ರಿ ಅಕ್ಕಾರ, ಹಾಡಿಗೂ ತಿರುಪು ಬಿಗೀತೀರೇನ್ರಿ?" ಅಂದನಂತೆ, ಓದಿ ನಕ್ಕೆ. ಊಟದ ಬಿಡುವಿನಲ್ಲಿ ಮೂರು ದಿನ ಅವನ ಮುಂದೆ ನಿಂತು ಮಾಡಿಸಿದ್ದೀಯ. ಊದಿದ ಕಾಲಿನಲ್ಲಿ ನಿಂತೆಯಲ್ಲೇ ತಾಯೀ.

ಸೋಮವಾರ ನಿನ್ನತ್ತೆಯ ತಿಥಿ, ಎಡೆ ಇಟ್ಟ ದಿನ. ಕ್ಲ್ಯಾಂಪು ಬಿಗಿದು ಹಾಕಿದೆ. ಮತ್ತೆ ಹಾರಿತು! ನಿನ್ನನ್ನೂ ಲೇತಿನವನನ್ನೂ ಸೇರಿಸಿ ಬೈದೆ. ಆಮೇಲೆ ಚೀಟಿಯನ್ನು ಪೂರ್ತಿ ಓದೋಣವೆಂದು ಕನ್ನಡಕ ಒರೆಸಿಕೊಂಡೆ. "ಜೀನ್ಸ್ ಬಟ್ಟೆಯ ಬಿಲ್ಲೆಯನ್ನು ರೆಕಾರ್ಡಿನ ಕೆಳಗೆ, ಕಡ್ಡಿಗೆ ಹಾಕಿ, ಆಮೇಲೆ ಬಿಗಿಯಿರಿ, ನಡು ಎದ್ದರೆ ಅಂಚು ಕೂರುತ್ತದೆ" ಎಂದಿತ್ತು. ಕನ್ನಡಕ ಒರೆಸುತ್ತಿದ್ದುದು ಅದೇ ಬಿಲ್ಲೆಯಿಂದ. ನೀನು ಕಳಿಸಿದ್ದು ಅದಕ್ಕೇ ಎಂದುಕೊಂಡಿದ್ದೆ.

ಬಿಲ್ಲೆ ಹಾಕಿ ಬಿಗಿದೆ. ಅಂಚು ಕೂತಿತು. ಒಂಬತ್ತು ವರ್ಷದ ಮೇಲೆ ತಿಪ್ಪಮ್ಮ ಇಡೀ ನುಡಿ ಹಾಡಿದಳು. ರಾಮಾಂಜಿ ಸೊಪ್ಪಿನ ಪುಟ್ಟಿ ಹೊತ್ತುಕೊಂಡೇ ಬಾಗಿಲಲ್ಲಿ ನಿಂತುಬಿಟ್ಟ. ನಾನು ಅತ್ತುಬಿಟ್ಟೆ, ಸುಳ್ಳೇಕೆ ಹೇಳಲಿ. ನಿನ್ನ ಋಣ ದೊಡ್ಡದು ಮಗಳೇ.

ನಿಮ್ಮಕ್ಕನಿಗೂ ಭಾವನಿಗೂ ನನ್ನ ನೆನಪು ಹೇಳು. ಲೇತಿನವನಿಗೆ ನಮ್ಮ ಹೊಲದ ಕಡಲೆಕಾಯಿ ಕಳಿಸುತ್ತೇನೆ. ಹೊಟ್ಟೆ ತಣ್ಣಗಿರಲಿ, ಕೈಗೆ ಬಲ ಬರಲಿ.

ನಿನ್ನ ಮಾವ,
ಲಕ್ಷ್ಮೀನರಸಪ್ಪ

ಮರೆತಿದ್ದೆ: ಪತ್ರ ಒಯ್ಯುವ ಬಸ್ಸು ಹೊರಡುತ್ತಿದೆ, ಬೇಗ ಬರೆಯುತ್ತೇನೆ. ನಿನ್ನ ಮದುವೆಯಲ್ಲಿ ಮುಳ್ಳು ಹಾರಿದ ಸಾಲು ಇದು: "ಕಲಿತು ಬಂದ ಕೈಯ ಕಟ್ಟಬ್ಯಾಡಿ ಬೀಗರೇ, ಕಣ್ಣಾಗ ನೀರು ತರಿಸಬ್ಯಾಡಿ." ಯುಗಾದಿಗೆ ಕೆಲಸ ಬಿಟ್ಟು ಬಾ ಎಂದು ಹಟ ಹಿಡಿದಿದ್ದೆನಲ್ಲ, ಹಬ್ಬಕ್ಕೆ ಬಾ. ಕೆಲಸ ಬಿಡಬೇಡ.